ಹಳೆಯ ಕಾರು ಜಾಹೀರಾತು: ಯಾವುದು ತಪ್ಪು, ಯಾವುದು ಬೇಕೆಂದೇ ಮಾಡಿದ್ದು?

ಪ್ರಶ್ನೆ: ನಮ್ಮ ತಾತನ ಟ್ರಂಕಿನಲ್ಲಿ ಹಳೆಯ ಇಂಗ್ಲಿಷ್ ಪತ್ರಿಕೆಗಳ ಕಟ್ಟೊಂದು ಸಿಕ್ಕಿದೆ. ಹೆಚ್ಚಿನವು ಅಮೆರಿಕದವು, ಕೆಲವು ಇಂಗ್ಲೆಂಡಿನವು. ಅವುಗಳಲ್ಲಿನ ಕಾರುಗಳ ಜಾಹೀರಾತು ನೋಡಿ ಮನೆಯವರೆಲ್ಲ ನಕ್ಕಿದ್ದೇ ನಕ್ಕಿದ್ದು. 1960ರ ಸುಮಾರಿನ ಪಾಂಟಿಯಾಕ್ ಕಾರು ನಮ್ಮ ಹಜಾರಕ್ಕಿಂತ ಅಗಲ ಕಾಣುತ್ತದೆ, ಒಳಗೆ ಕೂತವರು ಗೊಂಬೆಗಳಷ್ಟು ಪುಟ್ಟವರು. ತೀರ ಹಳೆಯ ಒಂದು ಪುಟದಲ್ಲಿ ಅಮೆರಿಕದ ಕಾರಿಗೆ ಸ್ಟೀರಿಂಗ್ ಬಲಗಡೆ ಇದೆ. ಇನ್ನೊಂದರಲ್ಲಿ ಮುಂದಿನ ಸೀಟಿನ ಹೆಂಗಸರು ರಸ್ತೆಗೆ ಬೆನ್ನು ಹಾಕಿ ಕೂತಿದ್ದಾರೆ. ಒಂದು ಬ್ರಿಟಿಷ್ ಕಾರಿಗೆ ‘7 ಎಚ್.ಪಿ.’ ಎಂದಿದೆ, ಅದು 70 ಆಗಬೇಕಿತ್ತೇ? ಇವೆಲ್ಲ ಚಿತ್ರ ಬರೆದವರ, ಅಚ್ಚು ಹಾಕಿದವರ ತಪ್ಪುಗಳೇ? ನಿಜವಾಗಿ ಎಡವಿದ್ದೂ ಉಂಟೇ? ಕೊನೆಯದಾಗಿ, ಈ ಪುಟಗಳನ್ನು ಕತ್ತರಿಸಿ ಫ್ರೇಮ್ ಹಾಕಿಸಬಹುದೇ?
ಓದುಗರು, ಸಾಗರ

ಉತ್ತರ: ನೀವು ಹೇಳಿದ ನಾಲ್ಕರಲ್ಲಿ ಒಂದೂ ತಪ್ಪಲ್ಲ. ಪಾಂಟಿಯಾಕ್ ಕಾರನ್ನು ಬೇಕೆಂದೇ ಹಿಗ್ಗಿಸಿದ್ದಾರೆ. ಬಲಗಡೆಯ ಸ್ಟೀರಿಂಗ್ ಮತ್ತು ಬೆನ್ನು ಹಾಕಿದ ಹೆಂಗಸರು, ಇವೆರಡೂ ಆ ಕಾರುಗಳು ಇದ್ದದ್ದೇ ಹಾಗೆ. ಏಳು ಎಚ್.ಪಿ., ಅಂದರೆ ಹಾರ್ಸ್‌ಪವರ್, ಎಂಬುದು ತೆರಿಗೆಯ ಲೆಕ್ಕ. ಎಡವಿದ ಜಾಹೀರಾತುಗಳೂ ಬೇಕಾದಷ್ಟಿವೆ. ಆದರೆ ಅವು ಚಿತ್ರದಲ್ಲಿ ಸಿಗುವುದು ಅಪರೂಪ. ಚಿತ್ರದ ಕೆಳಗಿನ ಮಾತಿನಲ್ಲಿ ಹುಡುಕಿ, ಕಂಪನಿ ಕೊಟ್ಟ ಭರವಸೆಯಲ್ಲಿ ಹುಡುಕಿ. ಒಂದೊಂದಾಗಿ ನೋಡೋಣ.

ಪಾಂಟಿಯಾಕ್‌ನಿಂದ ಶುರು ಮಾಡುತ್ತೇನೆ, ಏಕೆಂದರೆ ಅದು ನನಗೆ ಅತಿ ಪ್ರಿಯವಾದದ್ದು. 1959ರ ಮಾದರಿಗೆ ಆ ಕಂಪನಿ ಎಡ ಮತ್ತು ಬಲ ಚಕ್ರಗಳ ನಡುವಿನ ಅಂತರವನ್ನು ಸುಮಾರು ಐದು ಇಂಚು ಹೆಚ್ಚಿಸಿತು. ಅದಕ್ಕೆ ‘ವೈಡ್ ಟ್ರ್ಯಾಕ್’ ಎಂದು ಹೆಸರಿಟ್ಟು, ಅದನ್ನೇ ತನ್ನ ಗುರುತಾಗಿ ಮಾಡಿಕೊಂಡಿತು. ಐದು ಇಂಚು ಎಂದರೆ ಒಂದು ಗೇಣಿಗೂ ಕಡಿಮೆ. ಪತ್ರಿಕೆಯ ಪುಟದಲ್ಲಿ ಅದು ಕಣ್ಣಿಗೆ ಬೀಳುವುದೇ ಇಲ್ಲ. ಅದನ್ನು ಕಾಣುವಂತೆ ಮಾಡುವ ಕೆಲಸ ಇಬ್ಬರು ಕಲಾವಿದರ ಪಾಲಿಗೆ ಬಂತು. ಕಾರನ್ನು ಬರೆಯುತ್ತಿದ್ದವರು ಆರ್ಟ್ ಫಿಟ್ಜ್‌ಪ್ಯಾಟ್ರಿಕ್. ಹಿನ್ನೆಲೆಯ ಊರು, ಸಮುದ್ರ, ಜನರನ್ನು ಬರೆಯುತ್ತಿದ್ದವರು ವ್ಯಾನ್ ಕಾಫ್‌ಮನ್. ಫಿಟ್ಜ್‌ಪ್ಯಾಟ್ರಿಕ್ ಅದಕ್ಕೂ ಮುಂಚೆ ಕಾರುಗಳ ಒಡಲು ವಿನ್ಯಾಸ ಮಾಡಿದ್ದವರು, ಕಾಫ್‌ಮನ್ ಡಿಸ್ನಿಯಲ್ಲಿ ಆ್ಯನಿಮೇಶನ್ ಕೆಲಸ ಮಾಡಿ ಬಂದವರು. 1959ರಿಂದ 1971ರವರೆಗೆ ಈ ಜೋಡಿಯ ಕೈಯಲ್ಲಿ ಪಾಂಟಿಯಾಕ್ ಒಂದು ಬೇರೆಯೇ ಪ್ರಾಣಿಯಾಯಿತು. ಚಿತ್ರದ ಮೂಲೆಯಲ್ಲಿ ‘ಎ.ಎಫ್., ವಿ.ಕೆ.’ ಎಂಬ ಅಕ್ಷರಗಳಿವೆಯೇ ನೋಡಿ. ಇದ್ದರೆ ನಿಮ್ಮ ಪುಟ ಅವರದೇ.

ಕಾರು ಅಷ್ಟು ಅಗಲ ಕಾಣಲು ಹಲವು ಉಪಾಯಗಳಿದ್ದವು. ನೋಡುವವನ ಕಣ್ಣನ್ನು ನೆಲದ ಹತ್ತಿರಕ್ಕೆ ಇಳಿಸುವುದು ಒಂದು. ಆಗ ಗ್ರಿಲ್ಲು, ಬಂಪರು ಪುಟದ ತುಂಬ ಹರಡಿಕೊಳ್ಳುತ್ತವೆ, ಮೇಲ್ಛಾವಣಿ ತೆಳ್ಳಗಾಗುತ್ತದೆ. ಒಳಗಿನ ಮನುಷ್ಯರನ್ನು ಕುಗ್ಗಿಸುವುದು ಇನ್ನೊಂದು. ಮನುಷ್ಯನ ಅಳತೆ ನಮಗೆ ಹುಟ್ಟಿನಿಂದ ಗೊತ್ತು, ಹಾಗಾಗಿ ಅವನು ಚಿಕ್ಕವನಾದಷ್ಟೂ ಅವನ ಸುತ್ತಲಿನ ವಸ್ತು ದೊಡ್ಡದಾಗುತ್ತದೆ. ಪಾಂಟಿಯಾಕ್ ಒಂದೇ ಅಲ್ಲ, 1950ರ ದಶಕದಲ್ಲಿ ಅಮೆರಿಕದ ಬಹುತೇಕ ಎಲ್ಲ ಕಂಪನಿಗಳೂ ಈ ದಾರಿ ಹಿಡಿದಿದ್ದವು. ಕೆಲವು ಸ್ಟುಡಿಯೋಗಳಲ್ಲಿ ಕಾರಿನ ಫೋಟೋವನ್ನೇ ಉದ್ದಕ್ಕೆ ತುಂಡು ತುಂಡಾಗಿ ಕತ್ತರಿಸಿ, ತುಂಡುಗಳ ನಡುವೆ ಜಾಗ ಬಿಟ್ಟು ಅಂಟಿಸಿ, ಆ ಜಾಗವನ್ನು ಬಣ್ಣದಿಂದ ತುಂಬಿ, ಅದರ ಮೇಲೆ ಚಿತ್ರ ಬರೆಯುತ್ತಿದ್ದರು. ಉದ್ದ, ತಗ್ಗು, ಅಗಲ: ಆ ಕಾಲದ ಕೊಳ್ಳುಗನಿಗೆ ಬೇಕಿದ್ದದ್ದು ಈ ಮೂರು. ಫಿಟ್ಜ್‌ಪ್ಯಾಟ್ರಿಕ್ ಅವರ ಚಿತ್ರದಲ್ಲಿ ಇವುಗಳ ಜೊತೆಗೆ ಇನ್ನೊಂದು ಗುಣವಿದೆ. ಬಾನೆಟ್ಟಿನ ಮೇಲೆ ಬಿದ್ದ ಆಕಾಶದ ಪ್ರತಿಬಿಂಬವನ್ನು ಭೂತಗನ್ನಡಿ ಹಿಡಿದು ನೋಡಿ. ಲೋಹದ ಪ್ರತಿ ಮಡಿಕೆ ಎಲ್ಲಿ ಏಳುತ್ತದೆ, ಎಲ್ಲಿ ಇಳಿಯುತ್ತದೆ ಎಂಬುದು ಕಾರನ್ನು ಕೈಯಾರೆ ವಿನ್ಯಾಸ ಮಾಡಿದವನಿಗಷ್ಟೇ ತಿಳಿಯುವಂಥದ್ದು. ಅಮೆರಿಕದ ಅಂಚೆ ಇಲಾಖೆ 1950ರ ದಶಕದ ಕಾರುಗಳ ಅಂಚೆಚೀಟಿಗಳನ್ನು 2005 ಮತ್ತು 2008ರಲ್ಲಿ ತಂದಾಗ ಚಿತ್ರ ಬರೆಸಿದ್ದು ಇವರಿಂದಲೇ.

ಈ ಹಿಗ್ಗಿಸುವಿಕೆ ಉತ್ತುಂಗಕ್ಕೇರಿದ್ದ ಹೊತ್ತಿಗೇ ನ್ಯೂಯಾರ್ಕಿನ ಡಾಯ್ಲ್ ಡೇನ್ ಬರ್ನ್‌ಬಾಕ್ ಸಂಸ್ಥೆ 1959ರಲ್ಲಿ ಫೋಕ್ಸ್‌ವ್ಯಾಗನ್ ಬೀಟಲ್‌ಗೆ ಜಾಹೀರಾತು ಮಾಡಲು ಕೂತಿತು. ಕಪ್ಪು ಬಿಳುಪು ಫೋಟೋ, ಪುಟದ ತುಂಬ ಖಾಲಿ ಜಾಗ, ಅದರ ಮೂಲೆಯಲ್ಲಿ ಹೆಬ್ಬೆರಳಿನಷ್ಟು ಪುಟ್ಟ ಕಾರು, ಕೆಳಗೆ ‘ಥಿಂಕ್ ಸ್ಮಾಲ್’ ಎಂಬ ಎರಡು ಪದ. ಮರುವರ್ಷ ಬಂದದ್ದು ಇನ್ನೂ ವಿಚಿತ್ರ. ಕಾರಿನ ಚಿತ್ರದ ಕೆಳಗೆ ‘ಲೆಮನ್’, ಅಂದರೆ ಅಮೆರಿಕನ್ನರ ಆಡುಮಾತಿನಲ್ಲಿ ಕೆಟ್ಟು ಬಂದ ಗಾಡಿ ಎಂದು ತಾವೇ ಬರೆದುಕೊಂಡರು. ಕೆಳಗಿನ ಬರಹ ಓದಿದರೆ ವಿಷಯ ತಿಳಿಯುತ್ತಿತ್ತು: ಗ್ಲವ್ ಬಾಕ್ಸಿನ ಮೇಲಿನ ಕ್ರೋಮ್ ಪಟ್ಟಿಯಲ್ಲಿ ಕಲೆಯಿದ್ದ ಕಾರಣ ತಪಾಸಣೆಯವನು ಆ ಕಾರನ್ನು ತಡೆಹಿಡಿದಿದ್ದಾನೆ, ವುಲ್ಫ್ಸ್‌ಬರ್ಗ್ ಕಾರ್ಖಾನೆಯಲ್ಲಿ ತಪಾಸಣೆಯೊಂದೇ ಕೆಲಸವಾಗಿರುವವರು 3,389 ಮಂದಿ ಇದ್ದಾರೆ ಎಂದು. 1962ರ ಮಾದರಿ ಬಂದಾಗ ಚಿತ್ರವಿರಬೇಕಾದ ಜಾಗವನ್ನು ಖಾಲಿ ಬಿಟ್ಟು, ಕಾರು ನೋಡಲು ಹಾಗೇ ಇದೆ, ತೋರಿಸುವುದರಲ್ಲಿ ಅರ್ಥವಿಲ್ಲ ಎಂದರು. ನಿಮ್ಮ ಕಟ್ಟಿನಲ್ಲಿ ಆ ಪುಟ ಸಿಕ್ಕರೆ ಚಿತ್ರ ಅಚ್ಚಾಗದೆ ಉಳಿದಿದೆ ಎಂದು ಭಾವಿಸಿ ಎಸೆದುಬಿಡಬೇಡಿ.

ಈಗ ಸ್ಟೀರಿಂಗ್. ಅಮೆರಿಕದಲ್ಲಿ ಗಾಡಿ ಓಡುವುದು ರಸ್ತೆಯ ಬಲಬದಿಯಲ್ಲಾದರೂ ಶುರುವಿನ ದಿನಗಳಲ್ಲಿ ಅಲ್ಲಿನ ಬಹಳಷ್ಟು ಕಾರುಗಳಿಗೆ ಸ್ಟೀರಿಂಗ್ ಬಲಗಡೆಯೇ ಇತ್ತು. 1908ರಲ್ಲಿ ಬಂದ ಫೋರ್ಡ್ ಮಾಡೆಲ್ ಟಿ ಅದನ್ನು ಎಡಕ್ಕೆ ತಂದಿತು. ಅದು ಲಕ್ಷಗಟ್ಟಲೆ ಮಾರಾಟವಾದ ಮೇಲೆ ಉಳಿದವರೂ ಹಿಂಬಾಲಿಸಿದರು. ಶ್ರೀಮಂತರ ಕಾರಾದ ಪಿಯರ್ಸ್ ಆ್ಯರೋ ಮಾತ್ರ ಸುಮಾರು 1920ರವರೆಗೂ ಬಲಗಡೆಯನ್ನು ಬಿಡಲಿಲ್ಲ. ಯುರೋಪಿನಲ್ಲೂ ಹೀಗೇ ನಡೆದಿದೆ: ಇಟಲಿಯ ಲ್ಯಾನ್ಷಿಯಾ 1950ರ ದಶಕದವರೆಗೂ ತನ್ನದೇ ದೇಶದಲ್ಲಿ ಬಲಗಡೆಯ ಸ್ಟೀರಿಂಗ್ ಕಾರುಗಳನ್ನು ಮಾರುತ್ತಿತ್ತು. ಗುಡ್ಡದ ದಾರಿಯಲ್ಲಿ ಬಲಬದಿಯ ಅಂಚು, ಕೆಳಗಿನ ಪ್ರಪಾತ ಚಾಲಕನಿಗೆ ಚೆನ್ನಾಗಿ ಕಾಣುತ್ತದೆ ಎಂಬುದು ಅದಕ್ಕೆ ಕೊಡುತ್ತಿದ್ದ ಒಂದು ಕಾರಣ. ಆದ್ದರಿಂದ 1910ರ ಹಿಂದುಮುಂದಿನ ಅಮೆರಿಕನ್ ಪುಟದಲ್ಲಿ ಬಲಗಡೆ ಸ್ಟೀರಿಂಗ್ ಕಂಡರೆ ಅದು ಆ ಕಾಲದ ಸಾಕ್ಷಿ.

ಹಾಗೆಂದು ಸ್ಟೀರಿಂಗ್ ವಿಷಯದಲ್ಲಿ ತಪ್ಪೇ ಆಗಿಲ್ಲವೆಂದಲ್ಲ. ಕಾರಿನ ಮೂತಿ ಪುಟದ ಒಳಕ್ಕೆ ತಿರುಗಿರಲಿ ಎಂದು, ಅಥವಾ ಎಡ ಸ್ಟೀರಿಂಗಿನ ಕಾರನ್ನು ಬಲ ಸ್ಟೀರಿಂಗಿನ ದೇಶದಲ್ಲಿ ತೋರಿಸಲೆಂದು ನೆಗೆಟಿವ್ ಅನ್ನು ಮಗುಚಿ ಹಾಕುವುದು ಅಚ್ಚಿನ ಲೋಕದಲ್ಲಿ ಹಳೆಯ ರೂಢಿ. ಮಗುಚಿದ್ದನ್ನು ಹಿಡಿಯಲು ಕಾರನ್ನು ನೋಡಬೇಡಿ, ಪಕ್ಕದಲ್ಲಿ ನಿಂತವರನ್ನು ನೋಡಿ. ಗಂಡಸಿನ ಕೋಟಿನಲ್ಲಿ ಗುಂಡಿ ಅವನ ಬಲಗಡೆಯ ಅಂಚಿನಲ್ಲಿರಬೇಕು, ಎದೆಯ ಜೇಬು ಎಡಕ್ಕಿರಬೇಕು. ನಂಬರ್ ಪ್ಲೇಟನ್ನು ಒರೆಸಿ ಹಾಕಿದ್ದರೆ, ಹಿಂದಿನ ಅಂಗಡಿಯ ಬೋರ್ಡು ಮಸುಕಾಗಿದ್ದರೆ ಅನುಮಾನ ಪಡಬಹುದು. ಭಾರತದ ಪತ್ರಿಕೆಗಳಲ್ಲಿ ಬಂದ ಅಮೆರಿಕನ್ ಕಾರುಗಳ ಜಾಹೀರಾತು ಕೈಗೆ ಸಿಕ್ಕರೆ ನಾನು ಮೊದಲು ನೋಡುವುದು ಇದನ್ನೇ. ಸ್ಟೀರಿಂಗ್ ಎಡಕ್ಕಿದ್ದರೆ ಚಿತ್ರ ಅಲ್ಲಿಂದ ಬಂದದ್ದು ಬಂದ ಹಾಗೇ ಅಚ್ಚಾಗಿದೆ ಎಂದರ್ಥ.

ರಸ್ತೆಗೆ ಬೆನ್ನು ಹಾಕಿದ ಹೆಂಗಸರ ಪುಟ ನಿಜಕ್ಕೂ ಜೋಪಾನ ಮಾಡಬೇಕಾದದ್ದು. ಅದು ಬಹುತೇಕ ಖಂಡಿತವಾಗಿ ಡೆಟ್ರಾಯಿಟ್ ಎಲೆಕ್ಟ್ರಿಕ್ ಅಥವಾ ರಾಕ್ ಆ್ಯಂಡ್ ಲ್ಯಾಂಗ್‌ನಂಥ ಬ್ಯಾಟರಿ ಕಾರಿನದು. 1910ರ ಸುಮಾರಿಗೆ ಅಮೆರಿಕದ ನಗರಗಳಲ್ಲಿ ಇವು ಚೆನ್ನಾಗಿಯೇ ಓಡಾಡುತ್ತಿದ್ದವು. ಪೆಟ್ರೋಲ್ ಕಾರನ್ನು ಚಾಲೂ ಮಾಡಲು ಮುಂದೆ ನಿಂತು ಹ್ಯಾಂಡಲ್ ತಿರುಗಿಸಬೇಕಿತ್ತು, ಅದು ಹಿಂದಕ್ಕೆ ಒದ್ದರೆ ಕೈಯೇ ಮುರಿಯುತ್ತಿತ್ತು. ಬ್ಯಾಟರಿ ಕಾರಿಗೆ ಆ ಕಾಟವಿಲ್ಲ, ಹೊಗೆಯಿಲ್ಲ, ಗೇರಿನ ರಗಳೆಯಿಲ್ಲ. ಹಾಗಾಗಿ ಜಾಹೀರಾತುಗಳು ಹೆಂಗಸರನ್ನೇ ಉದ್ದೇಶಿಸಿದ್ದವು. ಒಳಗೆ ಎದುರುಬದುರು ಸೀಟು ಹಾಕಿ, ಪರದೆ ಇಳಿಬಿಟ್ಟು, ಕೂತು ಹರಟುವ ಕೋಣೆಯಂತೆ ಮಾಡಿದ್ದರು. ಓಡಿಸುವಾಕೆ ಹಿಂದಿನ ಸೀಟಿನಲ್ಲಿ ಕೂತು, ಉದ್ದನೆಯ ಹಿಡಿಯೊಂದನ್ನು ಹಿಡಿದು, ಎದುರು ಕೂತ ಗೆಳತಿಯರ ತಲೆಗಳ ನಡುವಿನಿಂದ ರಸ್ತೆ ನೋಡುತ್ತಿದ್ದಳು. ಹೆನ್ರಿ ಫೋರ್ಡ್ ಅವರ ಹೆಂಡತಿ ಕ್ಲಾರಾ ಓಡಿಸುತ್ತಿದ್ದದ್ದು 1914ರ ಡೆಟ್ರಾಯಿಟ್ ಎಲೆಕ್ಟ್ರಿಕ್. 1912ರ ಕ್ಯಾಡಿಲಾಕ್‌ನಲ್ಲಿ ಎಲೆಕ್ಟ್ರಿಕ್ ಸ್ಟಾರ್ಟರ್ ಬಂದ ಮೇಲೆ ಪೆಟ್ರೋಲ್ ಕಾರಿನ ದೊಡ್ಡ ತೊಡಕು ಕಳೆಯಿತು, ಬ್ಯಾಟರಿ ಕಾರುಗಳು ನಿಧಾನವಾಗಿ ಹಿಂದೆ ಬಿದ್ದವು.

ಏಳು ಎಚ್.ಪಿ.ಯ ಕಾರು ಆಸ್ಟಿನ್ ಸೆವೆನ್ ಇರಬೇಕು. ಬ್ರಿಟನ್ನಿನಲ್ಲಿ ರಸ್ತೆ ತೆರಿಗೆ ಹಾಕಲು ಆಗ ಒಂದು ಸೂತ್ರವಿತ್ತು: ಸಿಲಿಂಡರಿನ ವ್ಯಾಸವನ್ನು ಇಂಚಿನಲ್ಲಿ ಅಳೆದು, ಅದರ ವರ್ಗವನ್ನು ಸಿಲಿಂಡರುಗಳ ಸಂಖ್ಯೆಯಿಂದ ಗುಣಿಸಿ, ಎರಡೂವರೆಯಿಂದ ಭಾಗಿಸುವುದು. ಪಿಸ್ಟನ್ ಎಷ್ಟು ದೂರ ಚಲಿಸುತ್ತದೆ, ಎಂಜಿನ್ ಎಷ್ಟು ವೇಗವಾಗಿ ತಿರುಗುತ್ತದೆ ಎಂಬುದು ಲೆಕ್ಕಕ್ಕೇ ಇಲ್ಲ. ಆಸ್ಟಿನ್ ಸೆವೆನ್‌ಗೆ ಈ ಲೆಕ್ಕದಲ್ಲಿ ಸುಮಾರು 7.8 ಬರುತ್ತದೆ, ಎಂಜಿನ್ ನಿಜವಾಗಿ ಕೊಡುತ್ತಿದ್ದದ್ದು ಸುಮಾರು ಹತ್ತೂವರೆ ಹಾರ್ಸ್‌ಪವರ್. ಮಾಡೆಲ್ ಟಿ ಕತೆ ಇದಕ್ಕೆ ತಿರುಗುಮುರುಗು: ಎಂಜಿನ್ನಿನ ಬಲ 20, ತೆರಿಗೆಯ ಲೆಕ್ಕದಲ್ಲಿ ಮಾತ್ರ 22ರ ಮೇಲೆ. 1921ರಿಂದ ಪ್ರತಿ ಹಾರ್ಸ್‌ಪವರಿಗೆ ಒಂದು ಪೌಂಡ್ ತೆರಿಗೆ ಬಿದ್ದಾಗ ಆ ಫೋರ್ಡ್‌ಗೆ ಅಲ್ಲಿ ಬಲವಾದ ಪೆಟ್ಟು ಬಿತ್ತು. ಅದಕ್ಕೇ ಬ್ರಿಟಿಷ್ ಕಂಪನಿಗಳು ಚಿಕ್ಕ ಅಂಕಿಯನ್ನು ದಪ್ಪಕ್ಷರದಲ್ಲಿ ಹಾಕುತ್ತಿದ್ದವು. ಆಸ್ಟಿನ್ ಸೆವೆನ್, ಮಾರಿಸ್ ಎಯ್ಟ್ ಎಂದು ಹೆಸರಿನಲ್ಲೇ ಅಂಕಿ ಇಟ್ಟದ್ದು, ತೆರಿಗೆ ಕಡಿಮೆ ಎಂದು ಕೊಳ್ಳುವವನಿಗೆ ಹೇಳಲು.

ಇಂಥದ್ದೇ ಗೊಂದಲ ಅಮೆರಿಕದ ಪುಟಗಳಲ್ಲೂ ನಿಮಗೆ ಎದುರಾಗಬಹುದು. 1970ರ ಕ್ಯಾಡಿಲಾಕ್ ಎಲ್ಡೊರಾಡೊ ಜಾಹೀರಾತಿನಲ್ಲಿ 400 ಹಾರ್ಸ್‌ಪವರ್, 1972ರದ್ದರಲ್ಲಿ 235. ಎಂಜಿನ್ನಿನ ಗಾತ್ರ ಎರಡರಲ್ಲೂ 500 ಘನ ಇಂಚು. ಮೊದಲು ಫ್ಯಾನು, ಆಲ್ಟರ್ನೇಟರು, ಸೈಲೆನ್ಸರು ಏನೂ ಇಲ್ಲದ ಬರಿಯ ಎಂಜಿನ್ನನ್ನು ಮೇಜಿನ ಮೇಲಿಟ್ಟು ಅಳೆಯುತ್ತಿದ್ದರು, ಆಮೇಲೆ ಕಾರಿನಲ್ಲಿ ಕೂಡಿಸಿದ ಸ್ಥಿತಿಯಲ್ಲಿ ಅಳೆಯತೊಡಗಿದರು. ನಡುವೆ ಎಂಜಿನ್ನಿನ ಕಂಪ್ರೆಷನ್, ಅಂದರೆ ಸಿಲಿಂಡರಿನೊಳಗೆ ಇಂಧನ ಮತ್ತು ಗಾಳಿಯನ್ನು ಒತ್ತುವ ಪ್ರಮಾಣ, ಕೂಡ ಇಳಿಸಿದ್ದರಿಂದ ಬಲ ಕೊಂಚ ನಿಜವಾಗಿಯೂ ತಗ್ಗಿತ್ತು. ಎರಡು ವರ್ಷಗಳ ಪುಟ ಜೊತೆಗಿಟ್ಟು ನೋಡಿದರೆ ಯಾರಾದರೂ ಅಚ್ಚಿನ ದೋಷ ಎಂದೇ ಹೇಳುತ್ತಾರೆ.

ನೋಡಿದರೆ ಸುಳ್ಳು ಎನಿಸಿ, ವಿಚಾರಿಸಿದರೆ ನಿಜವಾಗಿರುವ ಚಿತ್ರಗಳೂ ಇವೆ. 1964ರ ಶೆವ್ರೊಲೆ ಕಾರು ಯೂಟಾದ ಮರುಭೂಮಿಯಲ್ಲಿ ಕಂಬದಂತೆ ನಿಂತ ಕ್ಯಾಸಲ್ ರಾಕ್ ಬಂಡೆಯ ನೆತ್ತಿಯ ಮೇಲೆ, ಪಕ್ಕದಲ್ಲೊಬ್ಬ ಯುವತಿಯೊಂದಿಗೆ ನಿಂತಿದೆ. ಅಂಟಿಸಿದ ಚಿತ್ರವಲ್ಲ ಅದು. ಎಂಜಿನ್ ತೆಗೆದ ಕಾರನ್ನು ಬಿಡಿಬಿಡಿಯಾಗಿ ಹೆಲಿಕಾಪ್ಟರಿನಲ್ಲಿ ಮೇಲಕ್ಕೆ ಸಾಗಿಸಿ, ಅಲ್ಲಿ ಜೋಡಿಸಿ, ಇನ್ನೊಂದು ಹೆಲಿಕಾಪ್ಟರಿನಿಂದ ಚಿತ್ರೀಕರಿಸಿದ್ದರು. ಅದಕ್ಕೂ ಮೂವತ್ತು ವರ್ಷ ಹಿಂದೆ ಕ್ರೈಸ್ಲರ್ ಎಂಜಿನಿಯರುಗಳಿಗೆ ವಿಂಡ್ ಟನೆಲ್ (ಗಾಳಿ ಹಾಯಿಸುವ ಸುರಂಗ) ಪರೀಕ್ಷೆಯಲ್ಲಿ ಒಂದು ಸಂಗತಿ ಹೊಳೆದಿತ್ತು: ಆ ಕಾಲದ ಕಾರುಗಳು ಮುಂದಕ್ಕೆ ಹೋಗುವುದಕ್ಕಿಂತ ಹಿಂದಕ್ಕೆ ಹೋಗುವಾಗಲೇ ಗಾಳಿಯನ್ನು ಚೆನ್ನಾಗಿ ಸೀಳುತ್ತವೆ. ಗಾಳಿ ಸೀಳುವಂತೆ ರೂಪಿಸಿದ ಅವರ 1934ರ ಏರ್‌ಫ್ಲೋ ಕಾರು ಬರುವ ಮುಂಚೆ, ಒಂದು ಡಿಸೋಟೊ ಕಾರಿನ ಆ್ಯಕ್ಸಲ್ಲು, ಸ್ಟೀರಿಂಗುಗಳನ್ನು ತಿರುಗುಮುರುಗು ಮಾಡಿ ಡೆಟ್ರಾಯಿಟ್ ಬೀದಿಗಳಲ್ಲಿ ಹಿಂದುಮುಂದಾಗಿ ಓಡಿಸಿ ಜನರ ಗಮನ ಸೆಳೆದರು. ಜನ ನೋಡಿದರು, ಬೆರಗಾದರು, ಏರ್‌ಫ್ಲೋ ಕಾರನ್ನು ಮಾತ್ರ ಕೊಳ್ಳಲಿಲ್ಲ.

ಇನ್ನು ನಿಜವಾಗಿ ಎಡವಿದವರ ಕತೆ. ನನ್ನ ಲೆಕ್ಕದಲ್ಲಿ ಮೊದಲ ಸ್ಥಾನ 1957ರ ಪ್ಲಿಮತ್‌ಗೆ. ‘ಸಡನ್ಲಿ, ಇಟ್ಸ್ 1960’ ಎಂಬುದು ಅದರ ಘೋಷಣೆ. ಮೂರು ವರ್ಷ ಮುಂದಿನ ಕಾರು ಈಗಲೇ ನಿಮ್ಮ ಮನೆ ಮುಂದೆ ಎಂದರ್ಥ. ವರ್ಜಿಲ್ ಎಕ್ಸ್‌ನರ್ ಮಾಡಿದ ರೂಪ ನಿಜಕ್ಕೂ ಚೆಂದವಿತ್ತು, ಹಿಂಬದಿಯ ಎತ್ತರದ ರೆಕ್ಕೆಗಳನ್ನು ಇಂದಿಗೂ ನೋಡುತ್ತ ನಿಲ್ಲಬಹುದು. ಆದರೆ ಅವಸರದಲ್ಲಿ ಉತ್ಪಾದನೆಗೆ ಹೋಗಿದ್ದರಿಂದ ಮಳೆನೀರು ಒಳಗೆ ಸೋರಿತು, ತಗಡು ಬೇಗ ತುಕ್ಕು ಹಿಡಿಯಿತು. ನಿಜವಾದ 1960 ಬರುವ ಹೊತ್ತಿಗೆ ಅನೇಕ ಕಾರುಗಳು ವಯಸ್ಸಿಗೆ ಮೀರಿ ಮುದಿಯಾಗಿದ್ದವು. ಘೋಷಣೆಯಲ್ಲಿ ಇಸವಿ ಬರೆದದ್ದೇ ಮುಳುವಾಯಿತು, ಏಕೆಂದರೆ ಆ ಇಸವಿ ಬಂದಾಗ ಜನ ಹೋಲಿಸಿ ನೋಡುತ್ತಾರೆ.

ಅದೇ 1957ರಲ್ಲಿ ಫೋರ್ಡ್ ಕಂಪನಿ ಎಡ್ಸೆಲ್ ಬರುತ್ತಿದೆ ಎಂದು ತಿಂಗಳುಗಟ್ಟಲೆ ಸಾರಿತು, ಕಾರನ್ನು ಮಾತ್ರ ತೋರಿಸಲಿಲ್ಲ. ಅಷ್ಟರಲ್ಲಿ ಓದುಗನ ತಲೆಯಲ್ಲಿ ಹಾರುವ ತಟ್ಟೆಯೊಂದು ರೂಪುಗೊಂಡಿತ್ತು. 1957ರ ಸೆಪ್ಟೆಂಬರ್ 4ರಂದು ಪರದೆ ಸರಿದಾಗ ನಡುವೆ ಉದ್ದನೆಯ ಗ್ರಿಲ್ಲಿದ್ದ ಒಂದು ಮಾಮೂಲಿ ಕಾರು ನಿಂತಿತ್ತು. ಮೇಲಿಂದ ಆರ್ಥಿಕ ಹಿಂಜರಿತ. ಎರಡೇ ವರ್ಷದಲ್ಲಿ, 1959ರ ನವೆಂಬರಿನಲ್ಲಿ, ಅದನ್ನು ನಿಲ್ಲಿಸಿದರು. ನಷ್ಟ ಸುಮಾರು 25 ಕೋಟಿ ಡಾಲರ್ ಎನ್ನುತ್ತಾರೆ. ಇದಕ್ಕೆ ಹೆಸರಿಡಲು ಕವಯಿತ್ರಿ ಮರಿಯಾನ್ ಮೂರ್ ಅವರನ್ನು ಕೇಳಿದ್ದರು. ‘ಯುಟೋಪಿಯನ್ ಟರ್ಟಲ್‌ಟಾಪ್’, ‘ಇಂಟೆಲಿಜೆಂಟ್ ವೇಲ್’, ‘ಮಂಗೂಸ್ ಸಿವೀಕ್’ ಮುಂತಾದವು ಆಕೆ ಕಳಿಸಿದ ಹೆಸರುಗಳು. ರಾಮಾಯಣ ಪೂರ್ತಿ ಓದಿದಂತೆ ಇಷ್ಟೆಲ್ಲ ಹುಡುಕಿ, ಕೊನೆಗೆ ಇಟ್ಟದ್ದು ಹೆನ್ರಿ ಫೋರ್ಡ್ ಮಗನ ಹೆಸರು.

ಹೆಂಗಸರನ್ನು ಕುರಿತ ಜಾಹೀರಾತುಗಳಲ್ಲಿ ಎಡವಿದ್ದು ಇನ್ನೂ ಹೆಚ್ಚು, ಇಲ್ಲಿ ನನಗೆ ನಗುವಿನ ಜೊತೆ ಸಿಟ್ಟೂ ಬರುತ್ತದೆ. 1955ರಲ್ಲಿ ಡಾಜ್ ಕಂಪನಿ ‘ಲಾ ಫೆಮ್’ ಎಂಬ ಗುಲಾಬಿ ಬಿಳಿ ಬಣ್ಣದ ಕಾರು ತಂದು, ಅದರೊಳಗೆ ಕೈಚೀಲ, ಲಿಪ್‌ಸ್ಟಿಕ್ ಡಬ್ಬಿ, ಬಾಚಣಿಗೆ, ಸೀಟಿನ ಬಟ್ಟೆಗೆ ಹೊಂದುವ ರೇನ್‌ಕೋಟು, ಕೊಡೆ ಇಟ್ಟು ಕೊಟ್ಟಿತು. ಎಂಜಿನ್ನು, ಬ್ರೇಕು, ಓಡಿಸಲು ಬೇಕಾದ ಸಕಲವೂ ಎಂದಿನ ಡಾಜ್. ಎರಡು ವರ್ಷದಲ್ಲಿ ಅದು ಮಾಯವಾಯಿತು. ನಲವತ್ತು ವರ್ಷ ಹಿಂದಿನ ಬ್ಯಾಟರಿ ಕಾರಿನವರು ಹೆಂಗಸರ ನಿಜವಾದ ಕಷ್ಟವೊಂದನ್ನು ಬಗೆಹರಿಸಿದ್ದರು. ಇವರು ಕೊಡೆ ಕೊಟ್ಟರು. 1979ರಲ್ಲಿ ಬ್ರಿಟನ್ನಿನಲ್ಲಿ ಫಿಯಟ್ 127ರ ದೊಡ್ಡ ಬೋರ್ಡು ನಿಂತಿತ್ತು: ಈ ಕಾರು ಹೆಣ್ಣಾಗಿದ್ದರೆ ಹಿಂದಿನಿಂದ ಚಿವುಟುತ್ತಿದ್ದರು ಎಂಬರ್ಥದ ಮಾತು ಅದರ ಮೇಲೆ. ಯಾರೋ ಅದರ ಕೆಳಗೆ ಬಣ್ಣದ ಕ್ಯಾನಿನಿಂದ ಬರೆದುಹೋದರು: ಈ ಹೆಣ್ಣು ಕಾರಾಗಿದ್ದರೆ ನಿಮ್ಮ ಮೇಲೇ ಹತ್ತಿಸುತ್ತಿದ್ದಳು. ಜಿಲ್ ಪೋಸೆನರ್ ಎಂಬ ಛಾಯಾಗ್ರಾಹಕಿ ತೆಗೆದ ಅದರ ಫೋಟೋ ಮೂಲ ಜಾಹೀರಾತಿಗಿಂತ ಹೆಚ್ಚು ಪ್ರಸಿದ್ಧವಾಯಿತು. ಅದಕ್ಕೆ ನಾನು ಮನಸಾರೆ ಸಂತೋಷಪಡುತ್ತೇನೆ.

ತಪ್ಪು ಎನ್ನಲಾಗದ, ವಂಚನೆ ಎಂದೇ ಕರೆಯಬೇಕಾದ ಒಂದು ಪ್ರಸಂಗವನ್ನೂ ಹೇಳಬೇಕು. ಜನರಲ್ ಮೋಟಾರ್ಸ್ ಕಾರುಗಳ ಕಿಟಕಿಗೆ ಲಿಬ್ಬಿ ಓವೆನ್ಸ್ ಫೋರ್ಡ್ ಕಂಪನಿಯ ಗಾಜು ಬರುತ್ತಿತ್ತು. ಆ ಗಾಜು ಎಷ್ಟು ತಿಳಿಯಾಗಿದೆ, ಬೇರೆ ಬಗೆಯ ಗಾಜಿನಲ್ಲಿ ಹೊರಗಿನ ದೃಶ್ಯ ಹೇಗೆ ಸೊಟ್ಟಗಾಗುತ್ತದೆ ಎಂದು ಟಿವಿ ಜಾಹೀರಾತಿನಲ್ಲಿ ತೋರಿಸಿದರು. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ವಿಚಾರಣೆ ಮಾಡಿದಾಗ ಹೊರಬಿದ್ದದ್ದೇನೆಂದರೆ, ತಿಳಿಯಾಗಿ ಕಂಡ ಕೆಲವು ದೃಶ್ಯಗಳನ್ನು ಕಿಟಕಿ ಇಳಿಸಿ ತೆಗೆದಿದ್ದರು. ಗಾಜೇ ಇರಲಿಲ್ಲ! ಎದುರಾಳಿಯ ಗಾಜಿಗೆ ವ್ಯಾಸಲೀನ್ ಸವರಿದ್ದರು. 1965ರಲ್ಲಿ ಮೇಲ್ಮನವಿ ನ್ಯಾಯಾಲಯವೂ ಕಮಿಷನ್ನಿನ ಆದೇಶವನ್ನೇ ಎತ್ತಿಹಿಡಿಯಿತು. ಅಷ್ಟಾದರೂ ಪಾಠ ಕಲಿಯದವರಿದ್ದರು. 1990ರಲ್ಲಿ ದೈತ್ಯ ಚಕ್ರಗಳ ಟ್ರಕ್ಕೊಂದು ಸಾಲು ಕಾರುಗಳ ಮೇಲೆ ಹಾದು ಎಲ್ಲವನ್ನೂ ಜಜ್ಜಿ, ವೋಲ್ವೊ ಒಂದು ಮಾತ್ರ ನಿಂತಿರುವ ಜಾಹೀರಾತು ಬಂತು. ವೋಲ್ವೊ ಒಳಗೆ ಮರ, ಉಕ್ಕಿನ ಆಸರೆ ಕೊಟ್ಟು, ಬೇರೆ ಕಾರುಗಳ ಛಾವಣಿ ಹೊತ್ತ ಕಂಬಗಳನ್ನು ಮೊದಲೇ ಕೊಯ್ದಿದ್ದು ಬಯಲಾಯಿತು. ಕಂಪನಿ ಮತ್ತು ಜಾಹೀರಾತು ಸಂಸ್ಥೆ ತಲಾ ಒಂದೂವರೆ ಲಕ್ಷ ಡಾಲರ್ ತೆತ್ತವು. ಮೂರು ಬಿಂದುಗಳ ಸೀಟ್ ಬೆಲ್ಟನ್ನು 1959ರಲ್ಲೇ ಕಾರಿಗೆ ಅಳವಡಿಸಿದ್ದ ಕಂಪನಿಗೆ ಈ ಗತಿ ಬೇಕಿರಲಿಲ್ಲ.

ಕೊನೆಯ ಪ್ರಶ್ನೆಗೆ: ದಯವಿಟ್ಟು ಪುಟ ಕತ್ತರಿಸಬೇಡಿ. ಇಡೀ ಸಂಚಿಕೆಯಿದ್ದರೆ ದಿನಾಂಕ ಗೊತ್ತಾಗುತ್ತದೆ, ಪಕ್ಕದ ಪುಟದಲ್ಲಿ ಏನಿತ್ತು ತಿಳಿಯುತ್ತದೆ, ಬೆಲೆಯೂ ಹೆಚ್ಚು. ಇಷ್ಟವಾದ ಪುಟವನ್ನು ಸ್ಕ್ಯಾನ್ ಮಾಡಿಸಿ, ಒಳ್ಳೆಯ ಕಾಗದದ ಮೇಲೆ ಪ್ರಿಂಟ್ ತೆಗೆದು ಅದಕ್ಕೆ ಫ್ರೇಮ್ ಹಾಕಿಸಿ. ಮೂಲವನ್ನು ಗೋಡೆಗೆ ಹಾಕಿದರೆ ಬಿಸಿಲಿಗೆ ಮೊದಲು ಹೋಗುವುದು ಬಣ್ಣ. ಲ್ಯಾಮಿನೇಷನ್ ಬೇಡವೇ ಬೇಡ, ಅದನ್ನು ಮತ್ತೆ ಬಿಡಿಸಲಾಗುವುದಿಲ್ಲ. ಹರಿದಲ್ಲಿ ಸೆಲ್ಲೋಟೇಪ್ ಹಚ್ಚಬೇಡಿ, ಕೆಲವೇ ವರ್ಷಗಳಲ್ಲಿ ಅದರ ಅಂಟು ಕಂದು ಕಲೆಯಾಗಿ ಕಾಗದಕ್ಕೆ ಇಳಿಯುತ್ತದೆ. ನಿಮ್ಮೂರಿನ ಮಳೆಗಾಲದಲ್ಲಿ ಇನ್ನೊಂದು ಅಪಾಯವಿದೆ: ನುಣುಪು ಕಾಗದದ ಪುಟಗಳು ತೇವ ಕುಡಿದರೆ ಒಂದಕ್ಕೊಂದು ಅಂಟಿ ಹಲಗೆಯಂತಾಗುತ್ತವೆ, ಆಮೇಲೆ ಬಿಡಿಸಲು ಹೋದರೆ ಶಾಯಿಯೇ ಎದ್ದು ಬರುತ್ತದೆ. ಟ್ರಂಕನ್ನು ನೆಲದಿಂದ ಎತ್ತರದಲ್ಲಿ, ಹೊರಗೋಡೆಗೆ ತಾಗದಂತೆ ಇಡಿ. ಸಂಚಿಕೆಗಳನ್ನು ನಿಲ್ಲಿಸದೆ ಮಲಗಿಸಿ, ನಡುನಡುವೆ ಆಮ್ಲರಹಿತ ಕಾಗದ ಹಾಕಿ, ಸಿಲಿಕಾ ಜೆಲ್ ಪೊಟ್ಟಣಗಳನ್ನು ಇಟ್ಟು ಮಳೆಗಾಲದುದ್ದಕ್ಕೂ ಬದಲಿಸುತ್ತಿರಿ. ಸ್ಕ್ಯಾನ್ ಮಾಡುವಾಗ ಬ್ಯಾಟರಿ ಕಾರಿನ ಆ ಪುಟದಿಂದಲೇ ಶುರು ಮಾಡಿ. ಕಟ್ಟಿನಲ್ಲಿ ಎಲ್ಲಕ್ಕಿಂತ ಹಳೆಯ ಕಾಗದ ಅದೇ ಇರಬಹುದು.